ಬೆಂಗಳೂರಿನಲ್ಲಿ ಕುಳಿತು ಮಾವನ ಎದೆ ನೋಡಿದ ಡಾಕ್ಟರು

2004ನೇ ಇಸವಿ. ಮಳೆಗಾಲ ಮುಗಿದು ನಮ್ಮ ಕಡೆ ದಂಡೆಯಿಂದಲೇ ಹಗ್ಗ ಹಿಡಿದೆಳೆಯುವ ರಂಪಣಿ ಬಲೆ ಬಿಡಲು ಶುರು ಮಾಡಿದ ದಿನಗಳವು. ನಾನು ಅಂಕೋಲೆಯ ಕಡಲದಂಡೆಯ ಒಂದು ಮೀನುಗಾರರ ಕೇರಿಯಲ್ಲಿ ಅಂಗನವಾಡಿ ಶಿಕ್ಷಕಿ. ತವರು ಕಾರವಾರ. ಮನೆಯಲ್ಲಿ ನಾನು, ನನ್ನ ಯಜಮಾನರು ಮತ್ತು ಮಾವ, ಮೂರೇ ಜನ. ಮಾವನಿಗೆ ಅರವತ್ತು ಹತ್ತಿರ ಬಂದಿತ್ತು. ಬಲೆಯ ಹಗ್ಗ ಹಿಡಿದರೆ ಇಪ್ಪತ್ತರ ಹುಡುಗರು ನಾಚಬೇಕು. ಈ ಮಾತನ್ನು ಅವರೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದರು ಅನ್ನಿ.

ಮುಂದಿನದನ್ನು ಹೇಳುವ ಮೊದಲು ನನ್ನ ಕಾಲಿನ ವಿಷಯ ಹೇಳಬೇಕು. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ನನ್ನ ತವರಿನಲ್ಲಿ ಇಂಥವರನ್ನು ಪಾಯಾಳು ಅನ್ನುತ್ತಾರೆ. ಪಾಯಾಳು ಮೂರು ಸಲ ಕಾಲು ತಾಗಿಸಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬುದು ನಂಬಿಕೆ. ಮದುವೆಯಾಗಿ ಬಂದ ವಾರದೊಳಗೇ ಈ ಸುದ್ದಿ ಕೇರಿಯಿಡೀ ಹಬ್ಬಿತು. ಬಲೆ ಎಳೆದು ಬೆನ್ನು ಹಿಡಿದವರು, ಮೀನಿನ ಬುಟ್ಟಿ ಹೊತ್ತು ಸೊಂಟ ಹಿಡಿದವರು, ಎಲ್ಲರೂ ನಮ್ಮ ಜಗಲಿಯ ಮೇಲೆ ಬೋರಲು ಮಲಗುವವರೇ. ನಂಬಿಕೆ ಇದೆಯೋ ಇಲ್ಲವೋ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ. ಪಾದವನ್ನು ಹೂವಿನಷ್ಟು ಹಗುರ ಮಾಡಿ ತಾಗಿಸಿ ಕಳಿಸುತ್ತಿದ್ದೆ. ಮಾವ ಮಾತ್ರ ಎಂದೂ ಕೇಳಿರಲಿಲ್ಲ. ಸೊಸೆಯ ಕಾಲು ಮಾವನ ಮೈಗೆ ತಾಗುವುದುಂಟೇ?

ಅದೊಂದು ಭಾನುವಾರ ಬೆಳಿಗ್ಗೆ. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಬಲೆ ಇನ್ನೂ ನೀರಿನಲ್ಲಿರುವಾಗಲೇ ಮಾವ ಒಬ್ಬರೇ ಮನೆಗೆ ಬಂದರು. ಬಂದವರೇ ಜಗಲಿಯ ಮೇಲೆ ಬೋರಲು ಬಿದ್ದುಕೊಂಡರು.

“ತಂಗೀ, ಬೆನ್ನಲ್ಲಿ ಉಳುಕು ಹಿಡ್ದದೆ. ಎದಿ ತನ್ಕ ಎಳೀತದೆ. ಒಂದ್ಸಲ ಕಾಲ್ ತಾಗ್ಸು.”

“ಮಾವ, ನಿಮ್ಗೆ ಕಾಲ್ ತಾಗ್ಸೂದಾ? ನಂಗೆ ಆಗೂದಿಲ್ಲ.”

“ಔಷ್ದ ಅಂತ ತಿಳ್ಕೊ ಮಾರಾಯ್ತಿ. ಕೇರಿಯವ್ರಿಗೆಲ್ಲ ಒದೀತಿ, ನಂಗೊಬ್ನಿಗೆ ಬರಗಾಲವಾ?”

ತಮಾಷೆಯ ಮಾತೇ, ಆದರೆ ದನಿಯಲ್ಲಿ ಕಸುವಿರಲಿಲ್ಲ. ದೇವರಿಗೆ ತಪ್ಪು ಕಾಣಿಕೆ ಹೇಳಿಕೊಂಡು ಬಲಗಾಲನ್ನು ಅವರ ಬೆನ್ನಿಗೆ ತಾಗಿಸಿದೆ. ಒಂದೇ ಸಲ. ಎರಡನೆಯದಕ್ಕೆ ಕಾಲು ಏಳಲಿಲ್ಲ. ಬಿಸಿಲಲ್ಲಿ ಹಗ್ಗ ಎಳೆದು ಬಂದವರ ಬೆನ್ನು ಬಿಸಿಯಾಗಿರುತ್ತದೆ, ಅದು ನನಗೆ ಚೆನ್ನಾಗಿ ಗೊತ್ತು. ಮಾವನ ಬೆನ್ನು ಐಸಿನ ಮೇಲಿಟ್ಟ ಮೀನಿನ ಹಾಗೆ ತಣ್ಣಗೆ, ಒದ್ದೆಯಾಗಿತ್ತು.

ಅಂಥ ಬೆನ್ನನ್ನು ನನ್ನ ಪಾದ ಅದಕ್ಕೆ ಮೊದಲು ಒಂದೇ ಒಂದು ಸಲ ಮುಟ್ಟಿತ್ತು. ಅದು ನನ್ನ ಅಪ್ಪನದು. ಆಗ ನನಗೆ ಹನ್ನೊಂದು ವರ್ಷ. ಅಪ್ಪ ಕಾರವಾರದ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಒಂದು ಮಧ್ಯಾಹ್ನ ಬೆನ್ನುನೋವು ಎಂದು ಬಂದು ಚಾಪೆಯ ಮೇಲೆ ಮಲಗಿದರು. ಅಮ್ಮ ಕರೆದಳು, ನಾನು ಮೂರು ಸಲ ಕಾಲು ತಾಗಿಸಿದೆ. “ಹಗುರಾಯ್ತು ಮಗಾ” ಎಂದು ಎದ್ದು ಕೂತು ಚಾ ಕುಡಿದರು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಇರಲಿಲ್ಲ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಆದರೆ ಕೊನೆಯ ಪೆಟ್ಟು ನನ್ನ ಕಾಲಿನದೇ ಇರಬಹುದೇ ಎಂಬ ಹೆದರಿಕೆ ನನ್ನೊಳಗೆ ಕೂತುಬಿಟ್ಟಿತು. ಅದನ್ನು ಅಮ್ಮನಿಗೂ ಹೇಳಲಿಲ್ಲ, ಮದುವೆಯಾದ ಮೇಲೆ ಗಂಡನಿಗೂ ಹೇಳಲಿಲ್ಲ.

ನಾನು ದಂಡೆಗೆ ಓಡಿದೆ. ನನ್ನ ಯಜಮಾನರ ಜೊತೆ ಇನ್ನೂ ನಾಲ್ಕೈದು ಜನ ಬಂದರು. ಮಾವನನ್ನು ನೋಡಿ ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಮುರುಗಲು ಹುಳಿಯ ತಿಳಿಸಾರು ಕುಡಿಸಿ ಅಂದರು. ಮಾವನೂ “ಎಂತಾ ಆಗ್ಲಿಲ್ಲ, ಇನ್ನೆರ್ಡ್ ಸಲ ತಾಗ್ಸಿದ್ರೆ ಹೋಗ್ತದೆ” ಅಂದರು.

“ಇದು ಉಳುಕಲ್ಲ. ನನ್ ಕಾಲಿಗೆ ಗೊತ್ತಾಗೂದಿಲ್ವಾ?” ಎಂದು ಕೂಗಿಬಿಟ್ಟೆ.

ಹೀಗೆ ತಣ್ಣಗೆ ಬೆವರಿದರೆ ಹೃದಯದ ತೊಂದರೆ ಎಂದು ಆರೋಗ್ಯ ಇಲಾಖೆಯ ತರಬೇತಿಯಲ್ಲಿ ಹೇಳಿದ್ದಾರೆ ಎಂದಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಾಯಾಳುವಿನ ಕಾಲು ಹೇಳಿತು ಎಂದಕೂಡಲೇ ನಂಬಿದರು! ಮೀನು ತುಂಬಲು ದಂಡೆಯಲ್ಲಿ ನಿಂತಿದ್ದ ಟೆಂಪೋ ಖಾಲಿಯೇ ಇತ್ತು. ಅದರಲ್ಲೇ ಮಾವನನ್ನು ಮಲಗಿಸಿಕೊಂಡು ನಾನು, ಯಜಮಾನರು ಕಾರವಾರಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಾವನ ಕೈ ಹಿಡಿದುಕೊಂಡೇ ಇದ್ದೆ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಇಸಿಜಿ ತೆಗೆದು, ಒಂದು ಮಾತ್ರೆ ಅಗಿಯಲು ಕೊಟ್ಟು, ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಮಾವನನ್ನೂ ಮಂಚದ ಸಮೇತ ತಳ್ಳಿಕೊಂಡು ಬಂದರು. ಗೋಡೆಯ ಬಳಿ ಒಂದು ಟೀವಿ, ಅದರ ಮೇಲೆ ಕ್ಯಾಮೆರಾ. ಟೀವಿಯಲ್ಲಿ ಕನ್ನಡಕದ ಡಾಕ್ಟರೊಬ್ಬರು ಕೂತಿದ್ದರು. ಏನೋ ಕಾರ್ಯಕ್ರಮ ಬರುತ್ತಿದೆ ಅಂದುಕೊಂಡೆ. ಅಷ್ಟರಲ್ಲಿ ಆ ಡಾಕ್ಟರು, “ಅಮ್ಮಾ, ನೋವು ಶುರುವಾಗಿ ಎಷ್ಟು ಹೊತ್ತಾಯ್ತು?” ಎಂದು ನನ್ನನ್ನೇ ಕೇಳಿದರು!

ನಾನು ಡಾಕ್ಟರಮ್ಮನ ಕಡೆ ತಿರುಗಿದೆ, ಅವರು ವಿವರಿಸಿದರು. ಅವರು ಇರುವುದು ಬೆಂಗಳೂರಿನಲ್ಲಂತೆ. ಇಲ್ಲಿ ತೆಗೆದ ಇಸಿಜಿ ಆಕಾಶದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಅವರ ಮುಂದೆ ಇಳಿದಿದೆಯಂತೆ. ಅವರು ಮಾವನ ಎದೆಯ ಗೆರೆಗಳನ್ನು ನೋಡುತ್ತಿದ್ದಾರೆ, ನಾವು ಅವರ ಮುಖ ನೋಡುತ್ತಿದ್ದೇವೆ. ನಾನು ಅದುವರೆಗೆ ಬೆಂಗಳೂರನ್ನೇ ನೋಡಿದವಳಲ್ಲ.

“ಎರಡು ಗಂಟೆ ಆಗಿರಬಹುದು” ಅಂದೆ.

“ಒಳ್ಳೇ ಹೊತ್ತಿಗೆ ತಂದಿದ್ದೀರಿ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದನ್ನು ಕರಗಿಸೋ ಔಷಧ ಅಲ್ಲೇ ಇದೆ. ಆದರೆ ಮೈಯಲ್ಲಿ ಎಲ್ಲಾದರೂ ಪೆಟ್ಟಾಗಿದ್ದರೆ ಆ ಔಷಧದಿಂದ ಒಳಗೇ ರಕ್ತ ಹರಿಯಬಹುದು. ಇತ್ತೀಚೆಗೆ ಬಿದ್ದಿದ್ದಾರಾ? ಪೆಟ್ಟು ಏನಾದ್ರೂ?”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳುವ ಹಾಗಿಲ್ಲ. “ನಾನು... ಬೆನ್ನಿಗೆ ಕಾಲು ತಾಗಿಸಿದೆ” ಅಂದೆ.

“ಏನು? ಒದ್ದಿರಾ?”

ಮಂಚದಿಂದ ಮಾವನ ದನಿ ಬಂತು: “ಒದ್ದದ್ದಲ್ಲ ಡಾಕ್ಟ್ರೇ, ಔಷ್ದಿ. ನಾನೇ ಹೇಳದ್ದು. ಬೈಬ್ಯಾಡಿ ಅವ್ಳಿಗೆ.”

ಎಲ್ಲ ವಿವರಿಸಿದೆ. ಆ ದೊಡ್ಡ ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹಗುರವಾಗಿ ತಾಗಿಸಿದ್ದೋ ಜೋರಾಗಿಯೋ ಎಂದು ಎರಡು ಸಲ ಕೇಳಿ, ಡಾಕ್ಟರಮ್ಮನಿಗೆ ಬೆನ್ನು ಪರೀಕ್ಷಿಸಲು ಹೇಳಿ, ಆಮೇಲೆ “ಶುರು ಮಾಡಿ” ಅಂದರು.

ಸಲೈನಿನ ಹಾಗೆ ಔಷಧ ಹನಿಹನಿಯಾಗಿ ಇಳಿಯತೊಡಗಿತು. ನಾನು ಮಾವನ ಮುಖವನ್ನೇ ನೋಡುತ್ತಾ ನಿಂತೆ. ಒಂದು ಗಂಟೆ ಕಳೆದಿರಬಹುದು. ಬೂದಿ ಬಣ್ಣಕ್ಕೆ ತಿರುಗಿದ್ದ ತುಟಿಗಳಿಗೆ ಮೆಲ್ಲಗೆ ರಂಗು ಬಂತು. ಮುಷ್ಟಿ ಬಿಚ್ಚಿತು. “ಎದಿ ಮೇಲಿನ ಕಲ್ಲು ಯಾರೋ ತೆಗ್ದ ಹಾಂಗಾಯ್ತು” ಅಂದರು. ಅವರ ಹಣೆ ಮುಟ್ಟಿದೆ, ಬೆಚ್ಚಗಿತ್ತು. ದೇವಸ್ಥಾನದ ಗರ್ಭಗುಡಿಯ ಮುಂದೆಯೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

ಸಂಜೆ ಇನ್ನೊಂದು ಇಸಿಜಿ ಬೆಂಗಳೂರಿಗೆ ಹೋಯಿತು. ಬೆಳಿಗ್ಗೆ ಮೇಲೆದ್ದಿದ್ದ ಗೆರೆ ಕೆಳಗಿಳಿದದ್ದನ್ನು ಡಾಕ್ಟರಮ್ಮ ನನಗೂ ತೋರಿಸಿದರು. ದೊಡ್ಡ ಡಾಕ್ಟರು “ಗೆದ್ದಿರಿ ಯಜಮಾನ್ರೇ” ಅಂದರು. ಮಾವ ಟೀವಿಗೆ ಕೈಮುಗಿದು, “ನಿಮ್ ಬದಿ ಮಳಿ ಅದ್ಯಾ ಡಾಕ್ಟ್ರೇ?” ಎಂದು ಕೇಳಿದರು. ಎಲ್ಲರೂ ನಕ್ಕರು.

ನನಗೆ ಮಾತ್ರ ಕೇಳುವುದೊಂದಿತ್ತು. ಮತ್ತೆ ಅಂಥ ಡಾಕ್ಟರು ಎಲ್ಲಿ ಸಿಗಬೇಕು? ಧೈರ್ಯ ಮಾಡಿ ಅಪ್ಪನ ವಿಷಯ ಹೇಳಿದೆ. ಮೂರು ಸಲ ತಾಗಿಸಿದ್ದು, ಚಾ ಕುಡಿದದ್ದು, ಎಲ್ಲ. “ನನ್ನ ಕಾಲಿನಿಂದ ಆಯ್ತಾ ಸಾರ್?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. “ನೋಡದೇ ಇರೋ ರೋಗಿಯ ಬಗ್ಗೆ ಖಚಿತವಾಗಿ ಹೇಳಲಾರೆ. ಅವರಿಗೂ ಇದೇ ಆಗಿರಬಹುದು. ಆದರೆ ಹನ್ನೊಂದು ವರ್ಷದ ಮಗು ಮೆಲ್ಲಗೆ ಕಾಲು ತಾಗಿಸಿದರೆ ಯಾರ ಹೃದಯವೂ ನಿಲ್ಲೋದಿಲ್ಲಮ್ಮ. ಆಗ ಈ ಔಷಧ ನಿಮ್ಮೂರಿಗೆ ಬಂದಿರಲಿಲ್ಲ, ಅಷ್ಟೇ. ನಿಮ್ಮ ತಪ್ಪು ಏನೂ ಇಲ್ಲ.”

ಮಾವ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. “ಇಷ್ಟ್ ವರ್ಷ ಇದ್ನ ಹೊಟ್ಟಿಲಿಟ್ಕಂಡೇ ಇದ್ಯಾ ತಂಗೀ?” ಅಂದರು.

ಆಮೇಲೆ ಮಾವನಿಗೆ ಆಂಜಿಯೋಗ್ರಾಂ ಆಯಿತು, ರಕ್ತನಾಳದಲ್ಲಿ ಸ್ಟೆಂಟ್ ಕೂರಿಸಿದರು. ಹಗ್ಗ ಎಳೆಯುವುದು ಬಿಟ್ಟರೂ ದಂಡೆಯಲ್ಲಿ ನಿಂತು ಎಳೆಯುವವರಿಗೆ ಬೈಯುವುದು ಬಿಡಲಿಲ್ಲ. ಆ ಡಾಕ್ಟರ ಹೆಸರು ಕೇಳಲು ಅಂದಿನ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಆ ಸಂಜೆ ಟೀವಿ ಆರಿದ ಮೇಲೆ ನಾನು ಆಸ್ಪತ್ರೆಯ ಮೆಟ್ಟಿಲಿಗೆ ಬಂದು ಕೂತಿದ್ದೆ. ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಹೆದರಿಕೆಯಿಲ್ಲದೆ ಅಪ್ಪನನ್ನು ನೆನೆದು ಮನಸಾರೆ ಅತ್ತುಬಿಟ್ಟೆ.