ಒಂದು ಗೇಣು ಕೂದಲು

ತೀರ್ಥಮ್ಮನಿಗೆ ನಲವತ್ತೆರಡು ವರ್ಷ. ಪಂಚನಹಳ್ಳಿಯ ಆಚೆಗಿನ ಸಣ್ಣ ಊರೊಂದರ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಊರಿನಲ್ಲಿ ಆ ಹೆಸರಿನವರು ಮೂವರಿದ್ದಾರೆ. ಇವಳನ್ನು ಜನ ಗುರುತಿಸುತ್ತಿದ್ದುದು ಜಡೆಯಿಂದ. ಮಣೆಯ ಮೇಲೆ ಕೂತರೆ ನೆಲದಲ್ಲಿ ಸುರುಳಿ ಸುತ್ತಿಕೊಳ್ಳುವಷ್ಟು ಉದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೆಂಚಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದ್ದಳಂತೆ. ಅಂದಿನಿಂದ ಅದಕ್ಕೆ ಕತ್ತರಿ ಸೋಕಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬಾಚಿದಾಗೆಲ್ಲ ಹಣಿಗೆಯ ತುಂಬ ಕೂದಲು ಬರತೊಡಗಿತು. ಹಾಸಿಗೆಯ ಮೇಲೆ, ರವಿಕೆಯ ಬೆನ್ನಿಗೆ, ಬಚ್ಚಲಿನಲ್ಲಿ, ಎಲ್ಲೆಲ್ಲೂ ತುಂಡು ಕೂದಲು. ಜಡೆಯ ತುದಿ ತೆಂಗಿನ ನಾರಿನಂತೆ ಒರಟಾಗಿ ಕೆದರಿ ನಿಂತಿತ್ತು. ಸಿಕ್ಕು ಬಿಡಿಸಲು ದಿನಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ತೀರ್ಥಮ್ಮ ಇದನ್ನು ಯಾರಿಗೂ ಹೇಳಲಿಲ್ಲ. ಅವಳ ಅಕ್ಕ ಶಂಕರಮ್ಮನಿಗೆ ಹಿಂದೆ ಯಾವುದೋ ಕಾಯಿಲೆ ಬಂದು ತಲೆಯೆಲ್ಲ ಬೋಳಾಗಿತ್ತು. ಕೂದಲು ಮತ್ತೆ ತುಂಬಲಿಲ್ಲ. ಆಮೇಲೆ ಶಂಕರಮ್ಮ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟುಬಿಟ್ಟಳು. ತನಗೂ ಅದೇ ಬಂತು ಎಂದು ತೀರ್ಥಮ್ಮ ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಳು.

ಶಾಲೆ ಶುರುವಾದ ಮೇಲೆ ಒಂದನೇ ತರಗತಿಯ ಹುಡುಗಿಯ ತಟ್ಟೆಯಲ್ಲಿ, ಸಾರಿನ ಜೊತೆ ಬೆರಳುದ್ದದ ಕೂದಲೊಂದು ಸಿಕ್ಕಿತು. ಹೆಡ್‌ ಮೇಷ್ಟ್ರು ಬೈಯಲಿಲ್ಲ. ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗಾದರೆ ಮಕ್ಕಳ ಮನೆಯವರು ಸುಮ್ಮನಿರುವುದಿಲ್ಲ ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು ಅನಿಸಿತು ಅವಳಿಗೆ. ಮರುದಿನದಿಂದ ತಲೆಗೆ ಒಂದರ ಮೇಲೊಂದು ಎರಡು ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ನಿಂತಳು.

ಆ ಶನಿವಾರ ಶಾಲೆ ಬೇಗ ಬಿಟ್ಟಿತು. ತೀರ್ಥಮ್ಮ ಬಸ್ಸು ಹತ್ತಿ ಕಡೂರಿಗೆ ಹೋದಳು. ಅಲ್ಲಿ ಬಳೆ, ರಿಬ್ಬನ್ ಮಾರುವ ರಹಮತ್ ಬಿ ಎಂಬ ವಯಸ್ಸಾದ ಹೆಂಗಸು ಜಡೆಗೆ ಸೇರಿಸುವ ಚೌರಿಯನ್ನೂ ಕೈಯಾರೆ ಕಟ್ಟಿ ಕೊಡುತ್ತಿದ್ದಳು. ಇರುವ ಕೂದಲು ಪೂರ್ತಿ ಹೋಗುವ ಮೊದಲೇ, ಬಣ್ಣ ಹೊಂದುವ ಚೌರಿಯೊಂದನ್ನು ತೆಗೆದಿಟ್ಟುಕೊಳ್ಳಬೇಕು ಎಂಬುದು ಅವಳ ಲೆಕ್ಕಾಚಾರ.

ಬಣ್ಣ ನೋಡಬೇಕು, ತಲೆಯ ಬಟ್ಟೆ ಬಿಚ್ಚು ಎಂದಳು ರಹಮತ್ ಬಿ. ಬಿಚ್ಚಿದಾಗ ಜಡೆ ಜಾರಿ ಚಾಪೆಯ ಮೇಲೆ ಬಿತ್ತು.

“ಇಷ್ಟು ಕೂದ್ಲು ಇಟ್ಕೊಂಡು ಚೌರಿ ಯಾಕಮ್ಮ ನಿಂಗೆ?”

ತೀರ್ಥಮ್ಮನಿಗೆ ಅಳು ಬಂತು. ಅಕ್ಕನ ಕಾಯಿಲೆ, ಹುಡುಗಿಯ ತಟ್ಟೆ, ಎಲ್ಲ ಹೇಳಿದಳು. ಒಂದು ವಾರದಿಂದ ಕೂಡಿಸಿಟ್ಟಿದ್ದ ಕೂದಲಿನ ಪೊಟ್ಟಣವನ್ನು ಚೀಲದಿಂದ ತೆಗೆದು ಕೊಟ್ಟಳು. ರಹಮತ್ ಬಿ ಕನ್ನಡಕ ಹಾಕಿಕೊಂಡು, ಬಿಳಿಯ ಬಟ್ಟೆಯ ಮೇಲೆ ಅದನ್ನು ಹರಡಿದಳು. ಚೌರಿ ಕಟ್ಟುವಾಗ ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಇನ್ನೊಂದು ಕಡೆ ಬರುವಂತೆ ಎಳೆ ಎಳೆಯಾಗಿ ಜೋಡಿಸಬೇಕು. ನಲವತ್ತು ವರ್ಷ ಅದನ್ನೇ ಮಾಡಿದ ಕಣ್ಣು ಅವಳದು.

“ಬೇರಿಂದ ಬಂದಿದ್ರೆ ಒಂದ್ಕಡೆ ಸಣ್ಣಕೆ ಬೆಳ್ಳಗೆ ಗಂಟು ಇರ್ತದೆ. ಇದ್ರಲ್ಲಿ ಎಲ್ಲೈತೆ, ನೀನೇ ಹುಡುಕು.”

ತೀರ್ಥಮ್ಮ ಕಣ್ಣೊರೆಸಿಕೊಂಡು ಹುಡುಕಿದಳು. ಬಿಳಿಯ ಗಂಟಿದ್ದ ಉದ್ದನೆಯ ಕೂದಲು ಕೆಲವೇ ಸಿಕ್ಕವು. ಅಷ್ಟು ಎಲ್ಲರಿಗೂ ಉದುರುತ್ತದೆ ಎಂದಳು ರಹಮತ್ ಬಿ. ಉಳಿದದ್ದೆಲ್ಲ ತುಂಡುಗಳು. ಎಷ್ಟೋ ತುಂಡುಗಳ ತುದಿ ಎರಡಾಗಿ ಸೀಳಿತ್ತು.

“ಇದು ಉದುರಿದ್ದಲ್ಲ ಮಗಳೇ, ಮುರಿದಿದ್ದು. ಬುಡ ಗಟ್ಟಿಯಾಗೈತೆ. ತುದಿ ಹಳೇದಾಗಿ ಸೀಳ್ಕೊಂಡೈತೆ, ಅಷ್ಟೇ.”

ತೀರ್ಥಮ್ಮ ಆ ಮಾತನ್ನು ಇನ್ನೊಮ್ಮೆ ಹೇಳಿಸಿದಳು. ಹೇಗೆ ಸ್ನಾನ ಮಾಡುತ್ತೀಯ ಎಂದು ರಹಮತ್ ಬಿ ಕೇಳಿದಾಗ, ಬೋರ್‌ವೆಲ್‌ನ ಗಡಸು ನೀರು, ಬಟ್ಟೆ ಒಗೆಯುವ ಸೋಪು, ಟವೆಲಿನಿಂದ ಬಡಿಯುವುದು, ಒದ್ದೆಯಲ್ಲೇ ಸಣ್ಣ ಹಲ್ಲಿನ ಹಣಿಗೆ ಎಳೆಯುವುದು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಸೀಳಿದ ಕೂದಲನ್ನು ಯಾವ ಎಣ್ಣೆಯೂ ಕೂಡಿಸುವುದಿಲ್ಲ, ಬಿಟ್ಟರೆ ಸೀಳು ಮೇಲಕ್ಕೇ ಹತ್ತುತ್ತದೆ, ಒಂದು ಗೇಣು ಕತ್ತರಿಸಬೇಕು ಎಂದಳು ರಹಮತ್ ಬಿ.

ತೀರ್ಥಮ್ಮನ ಕಣ್ಣ ಮುಂದೆ ಅತ್ತೆಯ ಮುಖ ಬಂತು. ಎದ್ದು ಬಾಗಿಲವರೆಗೆ ಹೋದಳು. ರಸ್ತೆ ನೋಡುತ್ತ ಸ್ವಲ್ಪ ಹೊತ್ತು ನಿಂತು, ವಾಪಸ್ಸು ಬಂದು ಬೆನ್ನು ತಿರುಗಿಸಿ ಕೂತಳು. ಕತ್ತರಿ ಆಡಿದ ಸದ್ದು ಕೇಳಿತು, ನೋವೇನೂ ಆಗಲಿಲ್ಲ. ಕುತ್ತಿಗೆ ಹಗುರಾಯಿತು.

ಮನೆಗೆ ಬಂದಾಗ ಕೆಂಚಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಸೊಸೆಯ ಬೆನ್ನು ನೋಡಿದವಳೇ ಕೈ ನಿಲ್ಲಿಸಿದಳು. ತೀರ್ಥಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕಾಯಿಲೆಯ ಭಯವನ್ನೂ ಬಚ್ಚಿಡಲಿಲ್ಲ.

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ದಿನಾ ಅಂಗಳ ಗುಡಿಸೋವಾಗ ಕೂದ್ಲನ್ನ ನಾನೂ ನೋಡ್ತಿದ್ದೆ ಕಣೇ. ನಿಮ್ಮಕ್ಕನ್ ಥರ ಆಗೋಯ್ತು ಅನ್ಕೊಂಡೆ. ಕೇಳಕ್ಕೆ ಬಾಯಿ ಬರ್ಲಿಲ್ಲ. ಸದ್ಯ, ಜಡೆ ತಾನೆ, ಬೆಳೀತದೆ.”

ಇಬ್ಬರೂ ಕೂತು ಕಾಯಿ ಸುಲಿದು ಮುಗಿಸಿದರು.

ಈಗ ತೀರ್ಥಮ್ಮ ಬಟ್ಟೆ ಸೋಪನ್ನು ತಲೆಗೆ ಮುಟ್ಟಿಸುವುದಿಲ್ಲ. ಕೂದಲು ಆರಿದ ಮೇಲೆ ಅಗಲ ಹಲ್ಲಿನ ಹಣಿಗೆಯಲ್ಲಿ ಕೆಳಗಿನಿಂದ ಬಿಡಿಸುತ್ತಾಳೆ, ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರುತ್ತಾಳೆ. ಎರಡು ಮೂರು ತಿಂಗಳಿಗೊಮ್ಮೆ ಕಡೂರಿಗೆ ಹೋಗಿ ಒಂದು ಬೆರಳಗಲದಷ್ಟು ಕತ್ತರಿಸಿಕೊಂಡು ಬರುತ್ತಾಳೆ. ಬೆಳಿಗ್ಗೆ ಬಾಚುವ ಕೆಲಸ ಹತ್ತೇ ನಿಮಿಷದ್ದು. ಮಿಕ್ಕ ಹೊತ್ತಿನಲ್ಲಿ ಅತ್ತೆಯ ಪಕ್ಕ ಕೂತು, ಆರಿಹೋಗುವ ಮೊದಲೇ ಟೀ ಕುಡಿಯುತ್ತಾಳೆ.