ತೊಟ್ಟಿಯ ಬ್ರಷ್

ಮಸ್ಕಿಯಲ್ಲಿ ನಮ್ಮದು ಬ್ರಷ್ ಮಾಡುವ ಮನೆ. ಅಜ್ಜ ಕತ್ತಾಳೆ ನಾರು ಜಜ್ಜಿ ಸುಣ್ಣ ಬಳಿಯುವ ಕುಂಚ ಕಟ್ಟಿ, ಲಿಂಗಸುಗೂರು, ಮುದಗಲ್ ಸಂತೆಗಳಲ್ಲಿ ಮಾರುತ್ತಿದ್ದ. ಗೋಡೆಗಳಿಗೆ ಪೇಂಟು ಬಂದ ಮೇಲೆ ಕುಂಚ ಕೇಳುವವರು ಕಡಿಮೆಯಾದರು. ಆಗ ಅಪ್ಪ ಮತ್ತು ಕಾಕಾ ಸಿಂಧನೂರಿನ ರೈಸ್ ಮಿಲ್ಲುಗಳ ಕಡೆ ಹೊರಳಿದರು. ಜರಡಿ ಉಜ್ಜಲು ಒಂದು ಬ್ರಷ್, ಕೊಳವೆಗೆ ತೂರಿಸಲು ಒಂದು, ಭತ್ತ ನೆನೆಹಾಕುವ ಆಳದ ತೊಟ್ಟಿ ತಿಕ್ಕಲು ಇನ್ನೊಂದು. ಅಪ್ಪ ಹಲಗೆಗೆ ತೂತು ಕೊರೆಯುತ್ತಿದ್ದ, ಕಾಕಾ ಪ್ಲಾಸ್ಟಿಕ್ ಎಳೆಗಳನ್ನು ತಂತಿಯಿಂದ ಬಿಗಿಯುತ್ತಿದ್ದ. ಅವ್ವ, ಕಾಕಿ, ನಾನು ತುದಿ ಕತ್ತರಿಸುತ್ತಿದ್ದೆವು.

ಒಂದು ಬೆಳಿಗ್ಗೆ ಮಿಲ್ಲಿನಿಂದ ಫೋನ್ ಬಂತು. ‘ನಿಮ್ಮ ಬ್ರಷ್ ತೊಟ್ಟಿ ತಳಕ್ಕ ಮುಟ್ಟವಲ್ದು, ಬಂದು ನೋಡ್ರಿ.’ ಅಳತೆ ತರುತ್ತೇನೆಂದು ಕಾಕಾ ಬೈಕ್ ಹತ್ತಿ ಹೋದ.

ಮಧ್ಯಾಹ್ನ ಅವನ ಹೆಣ ಸಿಂಧನೂರಿನ ದವಾಖಾನೆಯಲ್ಲಿತ್ತು. ಅಲ್ಲಿ ನಿಂತಿದ್ದ ಹಮಾಲಿಯೊಬ್ಬ ಅಪ್ಪನಿಗೆ ಹೇಳಿದ: ‘ಬ್ರಷ್ ಮುಟ್ಟಲಿಲ್ಲಂತ ನಮ್ಮವನೊಬ್ಬ ಒಳಗ ಇಳದಿದ್ದರೀ. ಕೊಳೆತ ನೀರಿನ ವಿಷ ಗಾಳಿಗೆ ಬಿದ್ದ. ನಿಮ್ಮ ತಮ್ಮ ಆಗ ತಾನ ಬಂದಿದ್ರು. ನಿಂದ್ರರೀ ಅಂದ್ರೂ ಕೇಳಲಿಲ್ಲ, ಎತ್ತಾಕಂತ ಇಳದ್ರು. ಅವ್ರೂ ಅಲ್ಲೇ ಕುಂತುಬಿಟ್ರು.’

ಮೊದಲು ಇಳಿದವನು ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನು. ಅವನ ಹೆಂಡತಿ ಬಂಗಾಲಿಯಲ್ಲಿ ಅಳುತ್ತಿದ್ದಳು. ಕಾಕಿ ಅವಳ ಪಕ್ಕ ಹೋಗಿ ಕೂತಳು. ಹೆಣ ಕೊಡುವವರೆಗೂ ಇಬ್ಬರೂ ಒಂದೇ ಬೆಂಚಿನಲ್ಲಿದ್ದರು.

ದಿನಕರ್ಮ ಮುಗಿದ ಮೇಲೆ ಅಪ್ಪ, ‘ತೊಟ್ಟಿ ಬ್ರಷ್ ಇನ್ನ ನಮ್ಮ ಮನ್ಯಾಗ ಬ್ಯಾಡ’ ಅಂದ.

ಕಾಕಿ ಒಪ್ಪಲಿಲ್ಲ. ‘ಬ್ರಷ್ ಗಿಡ್ಡ ಇತ್ತಂತ ಆ ಮನಷ್ಯಾ ಇಳದಾನ. ಉದ್ದ ಮಾಡೂಣು.’

ಅಪ್ಪ ಮರುದಿನ ಹಗುರ ಪೈಪುಗಳನ್ನು ತಂದು ಅಂಗಳದಲ್ಲಿ ಹಾಕಿದ. ಒಂದಕ್ಕೊಂದು ಜೋಡಿಸಿದರೆ ಮೇಲೆ ನಿಂತೇ ತಳ ತಿಕ್ಕಬಹುದಾದ ಹಿಡಿಕೆ ಕಾಕಿ ಮಾಡಿದಳು. ಸರಿಬರುವ ತನಕ ನಮ್ಮ ಹಾಳುಬಾವಿಯ ಗೋಡೆಗೆ ಉಜ್ಜಿ ಉಜ್ಜಿ ನೋಡಿದಳು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಕಾಕಿ ಮತ್ತು ನಾನು ಅದನ್ನು ಬಸ್ಸಿನಲ್ಲಿಟ್ಟುಕೊಂಡು ಮಿಲ್ಲಿನಿಂದ ಮಿಲ್ಲಿಗೆ ತಿರುಗಿದೆವು. ಒಬ್ಬ ಮಾಲೀಕ ತಿರುಗಿಸಿ ನೋಡಿ ಹೇಳಿದ: ‘ಛಲೋ ಐತಿ ತಂಗಿ. ಆದ್ರ ಒಳಗ ಇಳದು ತಿಕ್ಕಿದಂಗ ಆಗಂಗಿಲ್ಲ.’

‘ನಮ್ಮನಿಯವ್ರೂ ಒಳಗ ಇಳದಿದ್ರು ರೀ’ ಅಂದಳು ಕಾಕಿ.

ಅವನು ಚಹಾ ತರಿಸಿದ. ಬ್ರಷ್ ಇಟ್ಟುಕೊಳ್ಳಲಿಲ್ಲ.

ಬೇರೊಂದು ಮಿಲ್ಲಿನವರು ಇಟ್ಟುಕೊಂಡರು. ಸುಗ್ಗಿ ಮುಗಿದ ಮೇಲೆ, ಹೇಗೆ ನಡೆಯುತ್ತಿದೆ ನೋಡೋಣವೆಂದು ಹೋದೆವು. ಹಿಡಿಕೆಯನ್ನು ಗರಗಸದಿಂದ ಮೊಳದುದ್ದಕ್ಕೆ ಕತ್ತರಿಸಿದ್ದರು. ಉಳಿದ ಪೈಪು ತಗಡಿನ ಚಪ್ಪರಕ್ಕೆ ಆಸರೆಯಾಗಿತ್ತು.

‘ಭಾಳ ಉದ್ದಾತು ಅಕ್ಕಾ. ಇಳದ್ರ ಲಗೂನ ಆಕ್ಕೈತಿ’ ಅಂದ ಆಳು.

‘ಯಾರು ಇಳೀತೀರಿ?’ ಅಂದಳು ಕಾಕಿ.

‘ನಾನ.’

ಕಾಕಿ ಅವನಿಗೆ ಹೇಳಿದಳು: ‘ಸೊಂಟಕ್ಕ ಹಗ್ಗ ಕಟ್ಟಿಕೊಂಡು ಇಳಿ. ಮ್ಯಾಲ ಒಬ್ಬನ್ನ ನಿಂದರಿಸು. ನೀ ಬಿದ್ರ ಅವ ಇಳೀಬಾರ್ದು, ಜಗ್ಗಬೇಕು. ತಿಳೀತಿಲ್ಲ?’

ಅವನು ತಲೆಯಾಡಿಸಿ ಚೀಲ ಹೊರಲು ಹೋದ. ಹಗ್ಗ ಅಲ್ಲೆಲ್ಲೂ ಕಾಣಲಿಲ್ಲ.

ಮನೆಗೆ ಬಂದ ಕಾಕಿ ಉಳಿದ ಪೈಪುಗಳನ್ನು ಗುಜರಿಯವನಿಗೆ ಹಾಕಿಬಿಟ್ಟಳು. ಈಗ ನಾವು ಬಚ್ಚಲು ತಿಕ್ಕುವ ಬ್ರಷ್ಷುಗಳನ್ನಷ್ಟೇ ಮಾಡುತ್ತೇವೆ. ತಂತಿ ಬಿಗಿಯುವ ಕಾಕಾನ ಕೆಲಸ ಕಾಕಿಯದು. ಸಿಂಧನೂರಿನ ಅಂಗಡಿಗಳಿಗೆ ಮಾಲನ್ನು ನಾನೊಬ್ಬಳೇ ಒಯ್ಯುತ್ತೇನೆ; ಕಾಕಿ ಆ ಊರಿಗೆ ಬರುವುದಿಲ್ಲ.