ಕಿಸೆಯೊಳಗಿನ ಖಡು

ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಅಂಗಿಯ ಕಿಸೆಯಲ್ಲಿ ಏನು ಹುಡುಕುತ್ತಾರೋ ನಾನರಿಯೆ. ಎಂಬತ್ತರ ದಶಕದಲ್ಲಿ ನನ್ನ ಹೆಂಡತಿಗೆ ಅಲ್ಲಿ ಸಿಗುತ್ತಿದ್ದದ್ದು ಸೀಮೆಸುಣ್ಣದ ತುಂಡುಗಳು, ನಮ್ಮ ಕಡೆಯ ಮಾತಿನಲ್ಲಿ ಖಡು. “ಅಂಗಿ ಒಗೀಲೋ, ಸುಣ್ಣಾ ಕಲಸಲೋ, ನೀವ ಹೇಳ್ರಿ,” ಎಂದು ಅವಳು ಗೊಣಗಿದಾಗ ನಾನು ಮೇಲ್ನೋಟಕ್ಕೆ ತಲೆ ತಗ್ಗಿಸಿದರೂ ಒಳಗೊಳಗೇ ಬೀಗುತ್ತಿದ್ದೆ.

ಬೀಗದೆ ಏನು ಮಾಡಲಿ? ಐಗಳಿ ಕಡೆ ತೋಟಗಳ ನಡುವೆ ನಾನಿದ್ದ ಶಾಲೆಗೆ ಕೋಣೆ ಒಂದು, ಮಾಸ್ತರ ನಾನೊಬ್ಬ, ಇಯತ್ತೆಗಳು ಮಾತ್ರ ನಾಲ್ಕು. ಮೊದಲ ವರ್ಷ ಒಂದೇ ಕರಿಹಲಗೆಯ ಮುಂದೆ ನಾಲ್ಕೂ ಇಯತ್ತೆಗಳನ್ನು ಕೂರಿಸಿ, ಗಂಟಲು ಹರಿದುಕೊಂಡು, ಬೇಸತ್ತು, ದೊಡ್ಡ ಊರಾದ ಚಿಕ್ಕೋಡಿಗೆ ವರ್ಗಾವಣೆ ಕೇಳಿದ್ದೆ. ಆಮೇಲೊಂದು ಭಾನುವಾರ ಅದೇನು ಹುಕಿ ಬಂತೋ, ಇದ್ದಿಲು ಅರೆದು, ಎಲೆಯ ರಸ ಬೆರೆಸಿ, ನಾಲ್ಕೂ ಗೋಡೆಗಳನ್ನು ಮಕ್ಕಳ ಎತ್ತರಕ್ಕೆ ಕಪ್ಪಾಗಿಸಿಬಿಟ್ಟೆ. ಇಯತ್ತೆಗೊಂದು ಗೋಡೆ! ಮೂಡಣದಲ್ಲಿ ಅಕ್ಷರ, ಪಡುವಣದಲ್ಲಿ ಮಗ್ಗಿ, ನಡುವೆ ಕಿಸೆಗೆ ಖಡು ತುಂಬಿಕೊಂಡು ಗಾಣದ ಎತ್ತಿನಂತೆ ಸುತ್ತುವ ನಾನು. ಎತ್ತನ್ನು ಯಾರೋ ಕಟ್ಟುತ್ತಾರೆ, ನನ್ನನ್ನು ನಾನೇ ಕಟ್ಟಿಕೊಂಡಿದ್ದೆ, ವ್ಯತ್ಯಾಸ ಅಷ್ಟೇ. ಸಂಜೆಗೆ ಕಾಲು ಸೋಲುತ್ತಿತ್ತು. ಮನಸ್ಸು ಮಾತ್ರ ನಾಳೆಯ ಪಾಠಕ್ಕೆ ಆಗಲೇ ಹೊರಟು ನಿಂತಿರುತ್ತಿತ್ತು.

ನಾನು ಮರೆತೇಬಿಟ್ಟಿದ್ದ ಆ ವರ್ಗಾವಣೆ ಆಗ ಬಂತು. ಮಗಳ ಹೈಸ್ಕೂಲಿನ ಸಲುವಾಗಿ ಒಲ್ಲೆನೆನ್ನಲಾಗದೆ ಚಿಕ್ಕೋಡಿಗೆ ಬಂದೆ. ಇಲ್ಲಿ ಒಂದೇ ಇಯತ್ತೆ, ಒಂದೇ ಹಲಗೆ, ಕೂರಲು ಕೈಗಳಿದ್ದ ಕುರ್ಚಿ. ಮೈ ದಣಿಯುತ್ತಿರಲಿಲ್ಲ, ಆದರೂ ಮಧ್ಯಾಹ್ನಕ್ಕೇ ಗಂಟೆಯ ಸದ್ದಿಗೆ ಕಿವಿಗೊಡುತ್ತಿದ್ದೆ. ಬೇಡಿ ಪಡೆದ ಸುಖದಲ್ಲಿ ನನಗೆ ಸುಖವಿರಲಿಲ್ಲ. ಹೀಗೇ ನಿವೃತ್ತಿಯವರೆಗೆ ಕೂತುಬಿಡುತ್ತೇನೇನೋ ಎಂಬ ಹೆದರಿಕೆಯೂ ಹುಟ್ಟಿತು.

ಅದನ್ನು ಮೊದಲು ಕಂಡುಹಿಡಿದವಳು ಹೆಂಡತಿ. ಒಗೆಯುವ ಕಲ್ಲಿನ ಮೇಲೆ ಅಂಗಿಯನ್ನು ಹರವಿ, ಕಿಸೆ ತಿರುವಿ ನೋಡಿ, “ಬಕ್ಕಣ ಖಾಲಿ ಐತಲ್ರಿ. ಮೈಯಾಗ ಆರಾಮಿಲ್ಲೇನು?” ಎಂದಳು.

“ಆರಾಮ ಭಾಳ ಆಗೇತಿ, ಅದ ಜಡ್ಡು,” ಎಂದೆ.

“ಯಾಕ್ರಿ, ಈ ಸಾಲಿಗಿ ಗ್ವಾಡಿ ಇಲ್ಲೇನು?”

ಆಹಾ, ಎಂಥ ಪ್ರಶ್ನೆ! ಅರ್ಜಿ ಹಾಕಿ ಶಾಲೆಯನ್ನು ಬದಲಿಸಬಹುದೆಂದು ಹೊಳೆದಿದ್ದ ನನಗೆ, ಹುಕಿಯನ್ನು ಜೊತೆಗೇ ತರಬೇಕಿತ್ತೆಂಬುದು ಹೊಳೆದಿರಲಿಲ್ಲ. ಮರುದಿನವೇ ಗೋಡೆಗೆ ಕಪ್ಪು ಬಳಿಯಲು ಒಪ್ಪಿಗೆ ಕೇಳಿ ಹೆಡ್ ಮಾಸ್ತರರ ಮುಂದೆ ನಿಂತೆ. “ಬಳೀರಿ ಮಾಸ್ತರ, ಆದ್ರ ಆಳು ಕೇಳಬ್ಯಾಡ್ರಿ,” ಎಂದರು. ನನಗೂ ಆಳು ಬೇಕಿರಲಿಲ್ಲ. ಹಿಂದಿನ ಗೋಡೆ ಕಪ್ಪಾಯಿತು, ಆಮೇಲೆ ಪಕ್ಕದ್ದು. ಖಡು ಮಕ್ಕಳ ಕೈಗೆ ಹೋಯಿತು, ಕುರ್ಚಿ ಮೂಲೆಗೆ.

ಆ ಭಾನುವಾರ ಹೆಂಡತಿಯ ಕೈ ನನ್ನ ಕಿಸೆಯಿಂದ ಬೆಳ್ಳಗಾಗಿ ಹೊರಬಂತು. ಬೈಗುಳಕ್ಕೆ ಕಾದು ನಿಂತೆ. ಅವಳು ನೆನೆದ ತುಂಡುಗಳನ್ನು ಆರಿಸಿ, ಸೋಮವಾರಕ್ಕೆ ಒಣಗಲಿ ಎಂದು ಬಿಸಿಲಿಗಿಟ್ಟಳು.